ಹಸಿರು ಚಹಾ ಕಹಿಯಾಗದಿರಲು

ತೀರ್ಥಹಳ್ಳಿಯ ನಿಮ್ಮ ಪ್ರಶ್ನೆ ಓದಿದೆ: ಹಸಿರು ಚಹಾವನ್ನು ಎಷ್ಟು ಕುದಿಸಿದರೂ ಬರೀ ಕಹಿ, ಮಳೆಗಾಲಕ್ಕೆ ಎಲೆಯೂ ಮೆತ್ತಗಾಗುತ್ತದೆ, ಹಾಲಿನ ಚಹಾಕ್ಕೇ ಮರಳಬೇಕೇ ಎಂದು. ದಯವಿಟ್ಟು ಈಗಲೇ ಕೈಬಿಡಬೇಡಿ.

ಕುದಿಸುವುದೇ ಕಹಿಗೆ ಕಾರಣ. ಆ ಕ್ರಮ ಸಿಟಿಸಿ ಪುಡಿಗೆ, ಅಂದರೆ ಹಾಲಿನ ಚಹಾಕ್ಕೆ ಬಳಸುವ ಹರಳು ಹರಳಾದ ಮಾಮೂಲಿ ಪುಡಿಗೆ, ಸರಿ. ಹಾಲು, ಸಕ್ಕರೆಯ ನಡುವೆಯೂ ಉಳಿಯುವ ಖಡಕ್ ರುಚಿ ಅಲ್ಲಿ ಬೇಕು. ಹಸಿರು ಎಲೆಗೆ 75ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿ ಸಾಕು. ತಾಪಮಾಪಕವೇನೂ ಬೇಡ. ಕುದಿದ ನೀರನ್ನು ಲೋಟದಿಂದ ಲೋಟಕ್ಕೆ ಎರಡು ಮೂರು ಸಲ ಬಗ್ಗಿಸಿ, ಆಮೇಲೆ ಎಲೆಯ ಮೇಲೆ ಸುರಿಯಿರಿ. ಎರಡು ನಿಮಿಷಕ್ಕೆ ಸೋಸಿಬಿಡಿ. ನೀರು ಹೆಚ್ಚು ಬಿಸಿಯಾದಷ್ಟೂ, ಎಲೆ ಹೆಚ್ಚು ಹೊತ್ತು ನೆನೆದಷ್ಟೂ ಒಗರು ಹೆಚ್ಚುತ್ತದೆ. ಇಡಿ ಎಲೆಯ ಚಹಾವಾದರೆ ಅದಕ್ಕೇ ಮತ್ತೊಮ್ಮೆ ನೀರು ಹಾಕಬಹುದು. ನನಗಂತೂ ಆ ಎರಡನೆಯ ಲೋಟವೇ ಹೆಚ್ಚು ಪ್ರಿಯ.

ನಮ್ಮ ಮಲೆನಾಡಿನ ಥಂಡಿಗೆ ಚಿಕ್ಕ ಪೊಟ್ಟಣವನ್ನೇ ತನ್ನಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಏಲಕ್ಕಿ, ಕಾಳುಮೆಣಸುಗಳ ಪಕ್ಕದಲ್ಲಿ ಮಾತ್ರ ಬೇಡ, ಚಹಾ ಎಲೆ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಮಲ್ಲಿಗೆ ಚಹಾ ತಯಾರಾಗುವುದೂ ಇದೇ ಗುಣದಿಂದ.

ಹಸಿರು ಚಹಾ ಒಗ್ಗಿದ ಮೇಲೆ ನೀಲಗಿರಿಯ ಇಡಿ ಎಲೆಯ ಕಪ್ಪು ಚಹಾ ತರಿಸಿ. ಅದಕ್ಕೆ ಕುದಿಯುವ ನೀರನ್ನೇ ಹಾಕಿ, ಮೂರು ನಿಮಿಷ ಬಿಟ್ಟು, ಹಾಲಿಲ್ಲದೆ ಕುಡಿಯಿರಿ. ಹಿತ್ತಲಲ್ಲಿ ಮಜ್ಜಿಗೆ ಹುಲ್ಲು ಇದ್ದರೆ ಒಂದೆರಡು ಎಸಳು ಕತ್ತರಿಸಿ ಸೇರಿಸಿ, ಕೋಡುಬಳೆಯ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ.