ಹಿಂದೂಸ್ತಾನಿ ಸಂಗೀತಕ್ಕೆ ಹೊಸಬ. 3,000 ಆಲ್ಬಂ ಸೇವ್ ಮಾಡಿಟ್ಟಿದ್ದೇನೆ, ಯಾವುದೂ ಮನಸ್ಸಿಗೆ ಹತ್ತುತ್ತಿಲ್ಲ. ನೀವೆಲ್ಲ ಈಗ ಯಾವ ಆಲ್ಬಂ ಕೇಳುತ್ತಿದ್ದೀರಿ? ಒಂದು ಒಳ್ಳೆಯ ಪಟ್ಟಿ ಕೊಡಿ

3,000 ಅಂತ ನೋಡಿದ ಕೂಡಲೇ ನಗು ಬಂತು. ಆಮೇಲೆ ನಗು ನಿಂತಿತು. 2011ರ ಸುಮಾರಿಗೆ ನನ್ನ ಹತ್ತಿರ 2,100 ಆಲ್ಬಂ ಇದ್ದವು. ಪೂರ್ತಿ ಕೇಳಿದ್ದು ಹತ್ತೋ ಹನ್ನೆರಡೋ ಇರಬೇಕು. ಆ 2,100ಕ್ಕೆ ಜಾಗ ಮಾಡಲು ನಾನು ಏನನ್ನು ಅಳಿಸಿದೆ ಅನ್ನುವುದನ್ನೇ ಹೇಳುತ್ತೇನೆ. ಪಟ್ಟಿಗೆ ಕಾದು ಕುಳಿತವರು ಬೇರೆ ಉತ್ತರ ನೋಡಿಕೊಳ್ಳಿ, ಬೇಜಾರಿಲ್ಲ.

ನನ್ನ ಸೋದರಮಾವ ಧಾರವಾಡದಲ್ಲಿ ಅಂಚೆ ಕಚೇರಿಯಲ್ಲಿದ್ದವರು. ಸಿಗರೇಟಿಲ್ಲ, ಇಸ್ಪೀಟಿಲ್ಲ, ಸಿನಿಮಾ ಕೂಡ ಅಷ್ಟಕ್ಕಷ್ಟೇ. ಇದ್ದ ಒಂದೇ ಚಟ ಅಂದರೆ ರೇಡಿಯೋದಲ್ಲಿ ಬಂದ ಸಂಗೀತವನ್ನು ಕ್ಯಾಸೆಟ್ಟಿಗೆ ಇಳಿಸುವುದು. ಅಲ್ಲಿ 1950ರಿಂದ ಆಕಾಶವಾಣಿ ಕೇಂದ್ರ ಇದೆ, ಹಿಂದೂಸ್ತಾನಿಯ ದೊಡ್ಡ ಗಾಯಕ ಮಲ್ಲಿಕಾರ್ಜುನ ಮನ್ಸೂರರೇ ಅದರ ಸಂಗೀತ ಸಲಹೆಗಾರರಾಗಿದ್ದವರು. ಆ ಊರಿನಲ್ಲಿ ಅಂಚೆಯವರಿಗೂ ಕಿರಾಣಿ ಅಂಗಡಿಯವರಿಗೂ ರಾಗದ ಹೆಸರು ಗೊತ್ತಿರುವುದು ದೊಡ್ಡ ವಿಷಯವೇನಲ್ಲ. ಬೆಳಗಿನ ಗಾಯನ, ಶನಿವಾರ ರಾತ್ರಿಯ ರಾಷ್ಟ್ರೀಯ ಕಾರ್ಯಕ್ರಮ, ಊರಿನ ಕಲಾವಿದರ ಅರ್ಧ ಗಂಟೆ, ಎಲ್ಲದಕ್ಕೂ ಮಾಮಾ ಟೂ-ಇನ್-ವನ್ ಮುಂದೆ ಬೆರಳು ಗುಂಡಿಯ ಮೇಲಿಟ್ಟು ಕೂರುತ್ತಿದ್ದರು. ಒಟ್ಟು 112 ಕ್ಯಾಸೆಟ್, ಹೆಚ್ಚಿನವು 90 ನಿಮಿಷದವು. ಪ್ರತಿ ಡಬ್ಬಿಯೊಳಗಿನ ಚೀಟಿಯಲ್ಲಿ ಇರುವೆ ಸಾಲಿನಂಥ ಅಕ್ಷರ. ರಾಗ, ತಾಳ, ಹಾಡಿದವರು, ತಬಲಾ ಯಾರು, ಹಾರ್ಮೋನಿಯಂ ಯಾರು, ತಾರೀಖು. ಕೆಲವದರಲ್ಲಿ "ಮಳಿ, ಖರಖರ" ಅಂತಲೂ ಬರೆದಿರುತ್ತಿತ್ತು.

2009ರಲ್ಲಿ ಅವರು ಮನೆ ಬದಲಿಸುವಾಗ ಆ ಪೆಟ್ಟಿಗೆಗಳನ್ನು ನನಗೆ ಕೊಟ್ಟರು. ನನಗೆ ಬೆಂಗಳೂರಿನಲ್ಲಿ ಹೊಸ ಕೆಲಸ, ಹೊಸ ಲ್ಯಾಪ್‌ಟಾಪ್, ಎಲ್ಲವನ್ನೂ ಡಿಜಿಟಲ್ ಮಾಡಿಬಿಡುವ ಹುರುಪು.

ಇಲ್ಲಿಂದ ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದಿ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದಕ್ಕೆ ಅಡ್ಡದಾರಿ ಇಲ್ಲ, 90 ನಿಮಿಷದ ಟೇಪಿಗೆ 90 ನಿಮಿಷವೇ ಬೇಕು. 112 ಕ್ಯಾಸೆಟ್ ಅಂದರೆ 168 ಗಂಟೆ, ಹಗಲು ರಾತ್ರಿ ಸೇರಿ ಏಳು ದಿನ. ಇಷ್ಟನ್ನೂ ಮಾಡಿದೆ, ಅದರಲ್ಲಿ ತಪ್ಪಿಲ್ಲ. ಡಬ್ಲ್ಯೂಎವಿ ಫೈಲ್ ಆಗಿ ಇಳಿಸಿದಾಗ ಒಂದೊಂದು ಬದಿ ಸುಮಾರು 475 ಎಂಬಿ, ಒಟ್ಟು 100 ಜಿಬಿ ದಾಟಿತು. ನನ್ನ ಡಿಸ್ಕ್ ಇದ್ದದ್ದೇ 160 ಜಿಬಿ. ಆಗ ನನಗೆ ಎಲ್ಲಿಂದಲೋ ಬುದ್ಧಿ ಬಂತು, ಹಾಡನ್ನಷ್ಟೇ ಇಟ್ಟುಕೊಂಡರೆ ಸಾಕಲ್ವಾ ಅಂತ. ಉದ್ಘೋಷಕರ ಮಾತು ಯಾಕೆ? ಕೆಮ್ಮು ಯಾಕೆ? ಸರಸರ ಸದ್ದು ಯಾಕೆ? ಪರದೆಯ ಮೇಲೆ ಅಲೆಯ ಆಕಾರ ನೋಡಿದರೇ ಮಾತು ಯಾವುದು, ಹಾಡು ಯಾವುದು ತಿಳಿಯುತ್ತದೆ. ಕೇಳಬೇಕಾದ್ದೂ ಇಲ್ಲ. ಮಾತು ಕಂಡಲ್ಲೆಲ್ಲ ಆರಿಸುವುದು, ಅಳಿಸುವುದು. ಆರಿಸುವುದು, ಅಳಿಸುವುದು. ಎರಡು ರಾತ್ರಿಯಲ್ಲಿ 224 ಬದಿಗಳನ್ನೂ ಮುಗಿಸಿದೆ. ಬಾರ್ಬರ್ ಅಂಗಡಿಯಲ್ಲಿ ಮಿಷನ್ ಹಾಕಿದ ಹಾಗೆ.

ಆಮೇಲೆ ಎಲ್ಲವನ್ನೂ 128 ಕೆಬಿಪಿಎಸ್ ಎಂಪಿ3 ಮಾಡಿದೆ. ಒಂದು ಬದಿ ನಲವತ್ತು ಚಿಲ್ಲರೆ ಎಂಬಿಗೆ ಇಳಿಯಿತು, ಎಷ್ಟು ಖುಷಿ! ಮೂಲ ಫೈಲ್ ಅಳಿಸಿದೆ. ಫೈಲಿಗೆ ಹೆಸರು ಕೊಡುವ ಕೆಲಸ ಮಾತ್ರ ಬೇಸರದ್ದು, ಅದಕ್ಕೆ ಎ001ರಿಂದ ಎ112, ಬಿ001ರಿಂದ ಬಿ112 ಅಂತ ಕೊಟ್ಟೆ, ಚೀಟಿ ನೋಡಿ ಆಮೇಲೆ ಬರೆದರಾಯಿತು ಅಂತ. ಆ "ಆಮೇಲೆ" ಬರುವ ಮೊದಲೇ ಬಾಡಿಗೆ ಮನೆ ಖಾಲಿ ಮಾಡಬೇಕಾಗಿ ಬಂತು. ಗುಜರಿಯವನು ಕ್ಯಾಸೆಟ್ಟುಗಳನ್ನು ಪ್ಲಾಸ್ಟಿಕ್ ಲೆಕ್ಕದಲ್ಲಿ ತೂಗಿದ. ಚೀಟಿಗಳನ್ನು ಬೇರೆ ಮಾಡಿ ಕಾಗದದ ಲೆಕ್ಕಕ್ಕೆ ಹಾಕಿದ. ಎಲ್ಲ ಸೇರಿ 60 ರೂಪಾಯಿ ಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ನನಗಿಂತ ಶಿಸ್ತಾಗಿ ವಿಂಗಡಿಸಿದ್ದ.

ಖಾಲಿಯಾದ ಜಾಗದಲ್ಲಿ ನಾನು ನಿಮ್ಮ ಹಾಗೆ ಆಲ್ಬಂ ತುಂಬಿದೆ. ಯಾರು ಏನು ಹೇಳಿದರೂ ಇಳಿಸಿಕೊಳ್ಳುವುದು. ಪಟ್ಟಿಗಳ ಪಟ್ಟಿ ಇತ್ತು ನನ್ನ ಹತ್ತಿರ.

ನಾಲ್ಕೈದು ವರ್ಷ ಕಳೆಯಿತು. ಒಂದು ರಾತ್ರಿ ಹುಬ್ಬಳ್ಳಿ ಬಸ್ಸಿನಲ್ಲಿ ನಿದ್ದೆ ಬರದೆ ಫೋನಿನಲ್ಲಿ ಷಫಲ್ ಹಾಕಿದ್ದೆ. ತುಮಕೂರು ದಾಟಿರಬೇಕು, ಎ047 ಬಂತು. ಗಂಡು ದನಿ, ವಯಸ್ಸಾದದ್ದು, ಸ್ವಲ್ಪ ಮೂಗಿನದು. 22 ನಿಮಿಷ ವಿಲಂಬಿತ, ಅಂದರೆ ನಿಧಾನ ಲಯದ ಹಾಡು. ಹಿಂದೆ ಇನ್ನೊಂದು ಎಳೆಯ ದನಿ ಸಹಗಾಯನಕ್ಕೆ. ಒಂದು ಕಡೆ ಕೇದಾರ ರಾಗ ಅನ್ನಿಸುತ್ತದೆ, ಹಿಡಿದೆ ಅನ್ನುವಷ್ಟರಲ್ಲಿ ಜಾರಿ ಬೇರೆ ಎಲ್ಲಿಗೋ ಹೋಗುತ್ತದೆ, ಮತ್ತೆ ವಾಪಸ್ ಬಂದು ಸಮ್ ಮೇಲೆ, ತಾಳದ ಮೊದಲ ಪೆಟ್ಟಿನ ಮೇಲೆ, ಹೀಗೆ ಕೂರುತ್ತದಲ್ಲ, ಬಸ್ಸಿನಲ್ಲಿ ನಾನು ಜೋರಾಗಿ "ಆಹಾ" ಅಂದುಬಿಟ್ಟೆ, ಪಕ್ಕದವರು ಎದ್ದರು. ಹುಬ್ಬಳ್ಳಿ ಬರುವಷ್ಟರಲ್ಲಿ ಅದನ್ನೇ ಎಂಟು ಸಲ ಕೇಳಿದ್ದೆ.

ಯಾರು ಹಾಡಿದ್ದು? ಯಾವ ರಾಗ? ಆ ಎರಡನ್ನೂ ಉದ್ಘೋಷಕರು ಹೇಳಿದ್ದರು, ನಾನು ಅಳಿಸಿದ್ದೆ. ಚೀಟಿಯಲ್ಲಿ ಬರೆದಿತ್ತು, ನಾನು ತೂಕಕ್ಕೆ ಹಾಕಿದ್ದೆ. ಹಾಡು ಗುರುತಿಸುವ ಆ್ಯಪ್ ಏನೂ ಹೇಳಲಿಲ್ಲ. ಅದು ತನ್ನ ಭಂಡಾರದಲ್ಲಿರುವ ಧ್ವನಿಮುದ್ರಿಕೆಗೆ ಹೋಲಿಸಿ ನೋಡುತ್ತದೆ, ಅಷ್ಟೇ. ಧಾರವಾಡ ರೇಡಿಯೋದ ಒಂದು ಹಾಡು ಅದರ ಭಂಡಾರದಲ್ಲಿ ಎಲ್ಲಿಂದ ಬರಬೇಕು? ತಾರೀಖಿಲ್ಲದೆ ರೇಡಿಯೋದವರನ್ನು ಕೇಳಲೂ ಆಗದು. ಸಾಹಿತ್ಯ ಹಿಡಿದು ಹುಡುಕೋಣ ಅಂದರೆ ಆಗ ನಾನು ಓಡಿಸಿದ್ದ ಸದ್ದು ತೆಗೆಯುವ ಸಾಫ್ಟ್‌ವೇರ್ ಸ, ಶ, ತ ಎಲ್ಲವನ್ನೂ ತಿಂದು ಹಾಕಿದೆ. ಅದಕ್ಕೆ "ಇದು ಬರೀ ಸದ್ದು, ಇದನ್ನು ತೆಗಿ" ಅಂತ ಮೊದಲು ಒಂದು ತುಣುಕು ತೋರಿಸಬೇಕು. ನಾನು ತೋರಿಸಿದ ತುಣುಕಿನಲ್ಲಿ ತಂಬೂರಿ ಮೆಲ್ಲಗೆ ನುಡಿಯುತ್ತಿತ್ತು. ಹೌದು, ತಂಬೂರಿಯನ್ನು ಸದ್ದು ಅಂದುಕೊಂಡೆ. ಈಗ ಆ ಮನುಷ್ಯ ಬಾವಿಯೊಳಗೆ ಒಬ್ಬನೇ ನಿಂತು ಹಾಡುವ ಹಾಗೆ ಕೇಳುತ್ತದೆ.

ಹಾಡು ಬೇರೆ, ಅದರ ಸುತ್ತ ಇರುವ ಮಾತು ಬೇರೆ ಅಂದುಕೊಂಡಿದ್ದೇ ನನ್ನ ತಪ್ಪು. ಗಾಯಕಿ ಗೌಹರ್ ಜಾನ್ ಕಥೆ ಗೊತ್ತಾ? 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಆಕೆಯ ಹಾಡು ಮುದ್ರಿಸಿಕೊಂಡ. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ "ಮೈ ನೇಮ್ ಈಸ್ ಗೌಹರ್ ಜಾನ್" ಅನ್ನುತ್ತಾಳೆ. ಜಂಬಕ್ಕಲ್ಲ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಅಂತ ತಿಳಿಯಬೇಕಲ್ಲ, ಲೇಬಲ್ ಅಂಟಿಸಬೇಕಲ್ಲ. ಮೂರು ನಿಮಿಷದ ತಟ್ಟೆಯಲ್ಲೂ ಹೆಸರಿಗೆ ಜಾಗ ಇಟ್ಟಿದ್ದರು. ಆಕೆ ಕೊನೆಗೆ ನಮ್ಮ ಮೈಸೂರು ಅರಮನೆಗೆ ಬಂದು, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡಳು. ಆಕೆಯ ಹೆಸರು ಇನ್ನೂ ತಟ್ಟೆಯಲ್ಲಿ ಕೂಗುತ್ತಲೇ ಇದೆ. ನನ್ನ ಗಾಯಕನ ಹೆಸರನ್ನು ಮಾತ್ರ ನಾನು ಎರಡು ರಾತ್ರಿಯಲ್ಲಿ ಮುಗಿಸಿದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಆ ರಾಗ ಯಾವುದು ಅಂತ ಪತ್ತೆ ಮಾಡಲು ನಾನು ಮೊದಲ ಸಲ ಆಲ್ಬಂಗಳನ್ನು ನಿಜವಾಗಿ ಕೇಳತೊಡಗಿದೆ. ವಿಲಂಬಿತವೂ 16 ಮಾತ್ರೆಯ ತೀನ್‌ತಾಲದಲ್ಲೇ ಇದೆ, ತಾಳವಿಲ್ಲದ ಆಲಾಪಕ್ಕೆ ಹೆಚ್ಚು ಹೊತ್ತು ಕಾಯದೆ ನೇರ ತಾಳಕ್ಕೆ ಕಟ್ಟಿದ ಬಂದಿಶಿಗೆ ಇಳಿಯುತ್ತಾನೆ, ಹಾಗಾಗಿ ಜೈಪುರ ಘರಾಣೆಯವನೇ, ಅಂದರೆ ಆ ಗುರುಪರಂಪರೆಯವನೇ ಇರಬೇಕು ಅಂದುಕೊಂಡು ಮನ್ಸೂರರಿಂದ ಶುರು ಮಾಡಿದೆ. ಅವರ ಬಸಂತಿ ಕೇದಾರವನ್ನು ಎರಡು ತಿಂಗಳು ಕೇಳಿದೆ. ಹೆಸರೇ ಹೇಳುವ ಹಾಗೆ ಬಸಂತ್ ಮತ್ತು ಕೇದಾರವನ್ನು ಹೆಣೆದ ರಾಗ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ಮನ್ಸೂರರ ದನಿ ಕೇಳಿದರೆ ಹೊಲದ ಬದುವಿನ ಮೇಲೆ ಚಕಚಕ ನಡೆದು ಹೋಗುವ ಮುದುಕರು ನೆನಪಾಗುತ್ತಾರೆ, ಹಿಂದೆ ನಾವು ಓಡಬೇಕು. ನನ್ನ ಎ047 ಅದಲ್ಲ, ಹತ್ತಿರದ್ದು ಮಾತ್ರ. ಆಮೇಲೆ ಅವರ ಏಕ ನಿಷಾದ ಬಿಹಾಗಡಾ, ಶಿವಮತ ಭೈರವ. ಅವೂ ಅಲ್ಲ. ಆದರೆ ಅಷ್ಟರಲ್ಲಿ ನಾನು ಅವನ್ನು ಬಿಡುವ ಸ್ಥಿತಿಯಲ್ಲಿರಲಿಲ್ಲ. ಅದೇ ಘರಾಣೆ ಅಂತ ಕಿಶೋರಿ ಅಮೋಣಕರರ ಕಡೆ ಹೋದೆ, ಅವರ ಭೂಪ್ ರಾಗ ಕೇಳುತ್ತಾ ಯಾಕೆ ಬಂದಿದ್ದೆ ಅನ್ನುವುದೇ ಮರೆತು ಮೂರು ತಿಂಗಳು ಕುಳಿತೆ. ಹೋಲಿಸಿ ನೋಡಲು ಕಿರಾಣಾ ಘರಾಣೆಯ ಭೀಮಸೇನ ಜೋಶಿಯವರನ್ನೂ ಕೇಳಿದೆ, ಅವರು ಒಂದೊಂದೇ ಸ್ವರದ ಬಾಗಿಲು ತಟ್ಟಿ ಒಳಗೆ ಹೋಗುವ ರೀತಿಯೇ ಬೇರೆ.

ಇವೇ ನಾನು ಕೇಳುವ ಆಲ್ಬಂ. ಈ ವಾರ ಮನ್ಸೂರ್, ಕಳೆದ ವಾರವೂ ಮನ್ಸೂರ್. ಹತ್ತು ವರ್ಷದಲ್ಲಿ ಮೂವತ್ತು ದಾಟಿಲ್ಲ.

ನಿಮಗೆ ಪಟ್ಟಿ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಯಾವ ಆಲ್ಬಮ್ಮೂ ಮನಸ್ಸಿಗೆ ಹತ್ತುತ್ತಿಲ್ಲ ಅಂದರೆ ಆಲ್ಬಂ ಸರಿ ಇಲ್ಲ ಅಂತಲ್ಲ, ಹತ್ತಲು ನೀವು ಬಿಡುತ್ತಿಲ್ಲ. ಖಯಾಲ್, ಅಂದರೆ ಇವರೆಲ್ಲ ಹಾಡುವ ಈ ಪ್ರಕಾರ, ಮೊದಲ ಹತ್ತು ನಿಮಿಷದಲ್ಲಿ ಏನೂ ಕೊಡುವುದಿಲ್ಲ, ನೀವು ಏಳನೇ ನಿಮಿಷಕ್ಕೆ ಮುಂದಿನದಕ್ಕೆ ಹಾರಿರುತ್ತೀರಿ, ನಾನೂ ಹಾರುತ್ತಿದ್ದೆ. ಗದಗಿನ ಕಡೆಯ ಹುಡುಗ ಭೀಮಸೇನ ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಓಡಿದ್ದು ಗುರುವನ್ನು ಹುಡುಕಿಕೊಂಡು. ಅಬ್ದುಲ್ ಕರೀಂ ಖಾನರ ಝಿಂಜೋಟಿ ರಾಗದ ಠುಮ್ರಿಯ ಒಂದು ಗ್ರಾಮಫೋನ್ ತಟ್ಟೆ ಕಿವಿಗೆ ಬಿದ್ದದ್ದೇ ನೆಪ. ಒಂದು ತಟ್ಟೆ, ಒಂದು ಬದಿ. ಅವರಿಗೆ ಯಾರೂ 3,000 ಕಳಿಸಿರಲಿಲ್ಲ.

ಹಾಗಾಗಿ ಒಂದನ್ನು ಹಿಡಿಯಿರಿ, ಒಂದು ತಿಂಗಳು ಅದನ್ನೇ ಕೇಳಿ. ಉಳಿದ 2,999 ಅಳಿಸಿದರೂ ನಷ್ಟ ಇಲ್ಲ, ಅವೆಲ್ಲ ಎಲ್ಲಿಗೂ ಹೋಗುವುದಿಲ್ಲ. ಬೆಳಗಿನ ರಾಗ ಬೆಳಿಗ್ಗೆಯೇ ಕೇಳಬೇಕು ಎನ್ನುವವರ ಮಾತು ಸದ್ಯಕ್ಕೆ ಬಿಡಿ, ನಾನು ಶಿವಮತ ಭೈರವವನ್ನು ರಾತ್ರಿ ಪಾತ್ರೆ ತೊಳೆಯುತ್ತಾ ಕೇಳಿಯೇ ಕಲಿತದ್ದು. ಆದರೆ ಹೆಸರು ಬರೆದಿಡಿ. ರಾಗ, ತಾಳ, ತಬಲಾ ಯಾರು, ಹಾರ್ಮೋನಿಯಂ ಯಾರು. ಆ್ಯಪ್‌ಗಳಲ್ಲಿ ಬಹಳ ಸಲ ಗಾಯಕರ ಹೆಸರು ಬಿಟ್ಟು ಪಕ್ಕದವರದ್ದು ಇರುವುದೇ ಇಲ್ಲ, ಇಡೀ ಹೊತ್ತು ತಬಲಾದಲ್ಲಿ ಠೇಕಾ ಹಿಡಿದು ಕುಳಿತವನು ಯಾರೂ ಅಲ್ಲವೇನೋ ಎಂಬಂತೆ. ಇನ್ನು, ನಿಮ್ಮ ಮನೆಯಲ್ಲಿ ಯಾರದ್ದಾದರೂ ಕ್ಯಾಸೆಟ್ ಪೆಟ್ಟಿಗೆ ಇದ್ದರೆ, ದಯವಿಟ್ಟು, ಮೊದಲು ಚೀಟಿಗಳ ಫೋಟೋ ತೆಗೆಯಿರಿ. ಮೂಲ ಫೈಲನ್ನು ಕತ್ತರಿಸದೆ ಇಡಿ, ಕೆಮ್ಮೂ ಇರಲಿ, ಮಳೆಯ ಖರಖರವೂ ಇರಲಿ. ದೊಡ್ಡವರ ಹಾಡು ನೂರು ಕಡೆ ಸಿಗುತ್ತದೆ. ಊರಿನ ಗಾಯಕನ ಒಂದು ಬೆಳಿಗ್ಗೆ ಆ ಪೆಟ್ಟಿಗೆಯಲ್ಲಿ ಮಾತ್ರ ಇರುತ್ತದೆ. ಗುಜರಿಗೆ ಹಾಕುವ ಮೊದಲು ನನಗಾದರೂ ಮೆಸೇಜ್ ಮಾಡಿ.

ಮಾಮಾಗೆ ಈಗ 81. ಹೋದ ದೀಪಾವಳಿಗೆ ಧೈರ್ಯ ಮಾಡಿ ಎಲ್ಲ ಹೇಳಿದೆ. ಬೈಯಲಿಲ್ಲ. "ಅದರ ಮ್ಯಾಲೆ ಬರದಿದ್ನೆಲ್ಲೋ" ಅಂದರು, ಅಷ್ಟೇ. ಫೋನಿನಲ್ಲಿ ಎ047 ಹಾಕಿದೆ. ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ 22 ನಿಮಿಷವೂ ಕೇಳಿದರು. ಟೇಪ್ ಕಡಿದು ನಿಂತಲ್ಲಿ ಕಣ್ಣು ತೆರೆದರು. "ಇಲ್ಲೇ ನಾ ತಿರುವಿ ಹಾಕಿದ್ದೆ. ಆ ಕಡೆ ದ್ರುತ್ ಐತಿ, ಅದು ಮುಗಿದ ಮ್ಯಾಲೆ ಹೆಸರು ಹೇಳ್ತಾರ, ಹಚ್ಚು."

ಬಿ047 ಹಚ್ಚಿದೆ. ಒಂಬತ್ತು ನಿಮಿಷ ದ್ರುತ್, ವೇಗದ ಹಾಡು. ಮೂರು ಸಲ ತಿರುಗಿ ಬರುವ ಕೊನೆಯ ತಿಹಾಯಿ ಆಗುತ್ತದೆ, ತಬಲಾ ನಿಲ್ಲುತ್ತದೆ. ಆ ರಾತ್ರಿ ನನ್ನ ಕೈ ಅರ್ಧ ಸೆಕೆಂಡು ಜಾರಿರಬೇಕು, ಹಾಗಾಗಿ ಒಬ್ಬ ಹೆಂಗಸಿನ ದನಿ ಇಷ್ಟು ಉಳಿದಿದೆ: "ಈಗ ಕೇಳಿದ್ದು, ರಾ".

ಮಾಮಾ ಫೋನನ್ನೇ ನೋಡುತ್ತಿದ್ದರು.

"ಮುಂದ?" ಅಂದರು.