ಮಾತಾಡಿ ಕಳಿಸಿದ್ದೂ ಪತ್ರಾನೇ, ಮೇಷ್ಟ್ರೇ

ಮೈಸೂರು ಕುವೆಂಪುನಗರದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ವಾಟ್ಸಾಪ್ ಬಂದು ಪತ್ರ ಬರೆಯೋ ಸಂಸ್ಕೃತಿಯೇ ಸತ್ತುಹೋಯ್ತು. ಮೊಮ್ಮಕ್ಕಳು ಎರಡು ಸಾಲು ಬರೆಯಕ್ಕೂ ಸೋಮಾರಿತನ ಮಾಡ್ಕೊಂಡು ವಾಯ್ಸ್ ಮೆಸೇಜ್ ಕಳಿಸ್ತಾರೆ. ಪತ್ರಿಕೆಯವರಾಗಿ ನೀವು ಇದನ್ನ ಖಂಡಿಸಬೇಕು."

ಮೇಷ್ಟ್ರೇ, ನಿಮ್ಮ ಕೈಬರಹನ ಆಫೀಸಲ್ಲಿ ಎಲ್ಲರಿಗೂ ತೋರಿಸ್ದೆ, ಅಷ್ಟು ದುಂಡಗಿದೆ. ನಿಮ್ಮ ಸಂಕಟದಲ್ಲಿ ನಿಜ ಇಲ್ಲ ಅಂತಲ್ಲ. ಮಕ್ಕಳ ಕಳ್ಳರು ಬಂದವ್ರೆ ಅನ್ನೋ ಸುಳ್ಳು ಹರಡಿ ಅಮಾಯಕರನ್ನ ಹೊಡೆದು ಸಾಯಿಸಿದ ಮೇಲೆ, 2018ರಲ್ಲಿ ವಾಟ್ಸಾಪ್ ಕಂಪನಿಯವರೇ ನಮ್ಮ ದೇಶದಲ್ಲಿ ಒಂದ್ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಹಾಕ್ಬೇಕಾಯ್ತು. ಆದ್ರೆ ವಾಯ್ಸ್ ಮೆಸೇಜ್ ಮೇಲಿನ ಕೋಪ ಮಾತ್ರ ನಾನು ಒಪ್ಪಲ್ಲ.

ಪತ್ರದ ಕಾಲ ಚೆನ್ನಾಗಿತ್ತು ಅಂತೀವಲ್ಲ, ಯಾರಿಗೆ? ಮಳವಳ್ಳಿ ಕಡೆ ನಮ್ಮ ದೊಡ್ಡಮ್ಮ ಇದ್ದಾರೆ, ಓದು ಬರಹ ಬರಲ್ಲ. ಆಗ ಇನ್‌ಲ್ಯಾಂಡ್ ಲೆಟರ್ ತರಿಸಿ ಪಕ್ಕದ್ಮನೆ ಹುಡುಗನ ಕೈಲಿ ಬರೆಸೋರು, ಅವನು ಸ್ಕೂಲಲ್ಲಿ ಕಲಿತಿದ್ದನ್ನೇ ಬರೆಯೋನು, ‘ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ’ ಅಂತ. ಮನೇಲಿ ರಂಪ ಆಗಿರ್ಲಿ, ಮಂಡಿನೋವಿಗೆ ರಾತ್ರಿಯೆಲ್ಲಾ ನಿದ್ದೆ ಇಲ್ದೇ ಇರ್ಲಿ, ಎಲ್ಲರೂ ಕ್ಷೇಮವೇ. ಪಕ್ಕದ್ಮನೆಯವನ ಮುಂದೆ ಮಗ ಸೊಸೆ ವಿಷ್ಯ ಬಾಯಿಬಿಡಕ್ಕಾಗುತ್ತಾ? ಬಂದ ಉತ್ತರಾನೂ ಅವನೇ ಓದ್ಬೇಕು, ಅಂದ್ರೆ ಬೀದಿಗೆಲ್ಲ ಗೊತ್ತಾಯ್ತು ಅಂತಲೇ ಲೆಕ್ಕ.

ಈಗ ಜಗಲಿ ಮೇಲೆ ಕೂತು ಮೈಕ್ ಗುರ್ತು ಒತ್ತಿ ಹಿಡ್ಕೊಂಡು, "ಅವರೇಕಾಯ್ ಕಿತ್ತಿವ್ನಿ ಕಣ್ಮಗ, ಸೊಗಡು ಓಗಕ್ ಮುಂಚೆ ಬಾ, ನಿಮ್ಮಣ್ಣ ನಂತವ ಮಾತ್ ಬಿಟ್ಟವ್ನೆ, ಬಂದು ಏನಂತ ಕೇಳು" ಅಂತ ಕಳಿಸ್ತಾರೆ. ಬೆರಳು ಎತ್ತೋದು ಮರೆತು ಸೊಸೆನ "ಕಾಪಿ ಕುಡುದ್ಯೇನವ್ವ" ಅಂತ ಕೇಳಿದ್ದೂ ಅದ್ರಲ್ಲೇ ಬಂದಿತ್ತು. ಯಾವ ಇನ್‌ಲ್ಯಾಂಡ್ ಲೆಟರಲ್ಲಿ ಇಷ್ಟು ಬರ್ತಿತ್ತು ಹೇಳಿ?

2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ಟೆಲಿಗ್ರಾಂ, ಅಂದ್ರೆ ತಂತಿ ಕಳಿಸೋದು, ನಿಂತಾಗ ಎಲ್ಲರೂ ಮರುಗಿದ್ವಿ. ಮಾರನೇ ತಿಂಗಳೇ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಬಂತು, ಅದನ್ನ ಯಾರೂ ಗಮನಿಸಲೇ ಇಲ್ಲ. ನಿಮ್ಮ ಮೈಸೂರಿಗೇನು ಇದು ಹೊಸದಾ? 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದ್ರಲ್ಲ. ಕಿವೀಲಿ ಕೇಳಿದ್ದು ಓದಿದ್ದಕ್ಕಿಂತ ಕಮ್ಮಿ ಅಂತ ಆ ಊರಿನವರಾಗಿ ನೀವು ಹೇಳಬಾರ್ದು.

ನನ್ನ ಹೊಟ್ಟೆಯುರಿ ಬೇರೆ ಇದೆ. ನಮ್ಮ ಮಂಡ್ಯದ ಮಾತು ಅಂದ್ರೆ ಸಿನಿಮಾದಲ್ಲಿ ನಗ್ಸಕ್ಕೆ, ಇಲ್ಲ ರೌಡಿ ಬಾಯಿಗೆ. ಸ್ಕೂಲಲ್ಲಿ ‘ಓಯ್ತೀನಿ’ ಅಂದ್ರೆ ಬೆಂಚ್ ಮೇಲೆ ನಿಲ್ಲಿಸೋರು, ಹಂಗಾಗಿ ಎಷ್ಟೋ ಹುಡುಗರು ಜನದ ಮುಂದೆ ಬಾಯಿ ತೆರೆಯೋದನ್ನೇ ಬಿಟ್ರು. ಇವತ್ತಿಗೂ ಪಿಂಚಣಿ ದುಡ್ಡು ಬಂದ ಮೆಸೇಜ್ ದೊಡ್ಡಮ್ಮಂಗೆ ಇಂಗ್ಲಿಷಲ್ಲಿ ಬರುತ್ತೆ, ದುಡ್ಡು ಬಂತಾ ಹೋಯ್ತಾ ಅಂತ ಕೇಳಕ್ಕೆ ಮತ್ತೆ ಅದೇ ಪಕ್ಕದ್ಮನೆಗೆ ಹೋಗ್ಬೇಕು. ಖಂಡಿಸೋದಾದ್ರೆ ಇದನ್ನ ಖಂಡಿಸೋಣ ಮೇಷ್ಟ್ರೇ, ನೀವೂ ಬರೀರಿ, ನಿಮ್ಮ ಮಾತಿಗೆ ತೂಕ ಇದೆ.

ಮೊಮ್ಮಕ್ಕಳು ಕಳಿಸಿದ್ದನ್ನ ಪೂರ್ತಿ ಕೇಳಿ, ಉತ್ತರ ಬೇಕಾದ್ರೆ ಕಾಗದದಲ್ಲೇ ಬರೀರಿ. ಮುಂದಿನ ಸಂಚಿಕೆಯಿಂದ ಈ ಪುಟಕ್ಕೆ ವಾಯ್ಸ್ ಮೆಸೇಜೂ ತಗೋತೀವಿ, ಆಡಿದ್ದನ್ನ ಆಡಿದಂಗೇ ಬರ್ಕೊಂಡು ಹಾಕ್ತೀವಿ, ತಿದ್ದಲ್ಲ.

— ಸಂಪಾದಕ