ಕಾಗೆ ಗಾತ್ರದ ಡೈನೋಸಾರ್, ಅದರ ನಾಲ್ಕು ರೆಕ್ಕೆ, ಹೊಟ್ಟೇಲಿ ಉಳಿದ ಊಟ

ಹೋದ ಸಲ ಈ ಅಂಕಣಕ್ಕೆ ಒಬ್ರು "ಡೈನೋಸಾರ್ ಅಂದ್ರೆ ಎಲ್ಲಾ ದೊಡ್ಡದೇನಾ" ಅಂತ ಕೇಳಿದ್ರು. ನಾನು "ಇಲ್ಲ, ಚೀನಾದಲ್ಲಿ ಮೈಕ್ರೋರಾಪ್ಟರ್ ಅಂತ ಒಂದಿತ್ತು, ಹೆಚ್ಚುಕಮ್ಮಿ ಕಾಗೆ ಗಾತ್ರ, ಮೈತುಂಬಾ ಗರಿ, ಕೈಗೂ ರೆಕ್ಕೆ ಕಾಲಿಗೂ ರೆಕ್ಕೆ" ಅಂತ ಎರಡೇ ಸಾಲು ಬರೆದು ಮುಂದಕ್ಕೆ ಹೋಗಿದ್ದೆ. ಆ ಎರಡು ಸಾಲಿಗೆ ಇಷ್ಟೊಂದು ಪ್ರಶ್ನೆ ಬಂದಿದೆ. ನಂಗೂ ತುಂಬಾ ಇಷ್ಟದ ಪ್ರಾಣಿ ಇದು, ಹಾಗಾಗಿ ಈ ಸಲ ಪೂರ್ತಿ ಜಾಗ ಇದಕ್ಕೇ.

ಪ್ರಶ್ನೆ: ಮೇಡಂ, ಗರಿ ಇದೆ, ರೆಕ್ಕೆ ಇದೆ ಅಂದ್ಮೇಲೆ ಅದನ್ನ ಹಕ್ಕಿ ಅಂತಾನೇ ಕರೀಬಹುದಲ್ವಾ? ಡೈನೋಸಾರ್ ಅಂತ ಯಾಕೆ ಅಂತಾರೆ?
(9ನೇ ಕ್ಲಾಸ್ ವಿದ್ಯಾರ್ಥಿನಿ, ಸಾಗರ)

ಉತ್ತರ: ಗರಿ ಅಂದ್ರೆ ಹಕ್ಕಿಗಳಿಗೆ ಮಾತ್ರ ಅಂತ ನಾವೆಲ್ಲ ಸ್ಕೂಲಲ್ಲಿ ಓದಿದ್ವಿ. 1996ರಲ್ಲಿ ಚೀನಾದ ಲಿಯಾವ್‌ನಿಂಗ್ ಪ್ರಾಂತ್ಯದಲ್ಲಿ ಸೈನೋಸಾರಾಪ್ಟೆರಿಕ್ಸ್ ಅನ್ನೋ ಡೈನೋಸಾರು ಮೈಮೇಲೆ ಕೋಳಿಮರಿ ತುಪ್ಪಳದಂಥ ಎಳೆಗಳ ಸಮೇತ ಕಲ್ಲಲ್ಲಿ ಸಿಕ್ತು ನೋಡು, ಆಮೇಲೆ ಆ ಪಾಠ ನಡೀಲಿಲ್ಲ. ಹಾಗಾಗಿ ಗರಿ ನೋಡಿ ತೀರ್ಮಾನ ಮಾಡೋಕಾಗಲ್ಲ, ಮೂಳೆ ನೋಡ್ಬೇಕು. ಮೈಕ್ರೋರಾಪ್ಟರ್ ಬಾಯಲ್ಲಿ ಹಲ್ಲಿದೆ, ಕೈಯಲ್ಲಿ ಉಗುರಿರೋ ಮೂರು ಬೆರಳಿದೆ, ಬಾಲ ಪೂರ್ತಿ ಮೂಳೆಗಳ ಉದ್ದ ಸರಪಳಿ. ಈಗಿನ ಹಕ್ಕಿಗಳಲ್ಲಿ ಆ ಸರಪಳಿ ಮೊಟಕಾಗಿ, ತುದಿಯಲ್ಲಿ ಒಂದು ಚಿಕ್ಕ ತುಂಡಾಗಿ ಬೆಸೆದುಕೊಂಡುಬಿಟ್ಟಿದೆ. ಇನ್ನೊಂದು ಮುಖ್ಯ ಗುರುತು ಕಾಲಿನ ಎರಡನೇ ಬೆರಳು, ಅದರಲ್ಲಿ ಕುಡುಗೋಲಿನ ಥರ ಬಾಗಿದ ದೊಡ್ಡ ಉಗುರು. ಈ ಉಗುರಿರೋ ಮನೆತನಕ್ಕೆ ಡ್ರೋಮಿಯೊಸಾರ್ ಅಂತ ಹೆಸರು, ಸಿನಿಮಾದಿಂದ ಎಲ್ಲರಿಗೂ ಗೊತ್ತಾದ ವೆಲಾಸಿರಾಪ್ಟರ್ ಕೂಡ ಇದೇ ಮನೆತನದ್ದು (ಅದು ಕೂಡ ನಿಜವಾಗಿ ಮನುಷ್ಯನಷ್ಟು ಎತ್ತರ ಇರಲಿಲ್ಲ, ಟರ್ಕಿ ಕೋಳಿಯಷ್ಟಿತ್ತು, ಅದಕ್ಕೂ ಗರಿ ಇತ್ತು). ಮೈಕ್ರೋರಾಪ್ಟರ್ ಮೂಗಿನಿಂದ ಬಾಲದ ತುದಿವರೆಗೆ ಸುಮಾರು 80 ಸೆಂಟಿಮೀಟರ್, ಅದರಲ್ಲಿ ಬಾಲದ್ದೇ ದೊಡ್ಡ ಪಾಲು, ತೂಕ ಒಂದು ಕೆಜಿ ಆಸುಪಾಸು.

ಹಾಗಂತ ಇದು ಹಕ್ಕಿಗಳ ಮುತ್ತಜ್ಜ ಅಂದ್ಕೋಬೇಡ. ಅತಿ ಹಳೇ ಹಕ್ಕಿಗಳಲ್ಲಿ ಒಂದು ಅಂತ ಎಣಿಸೋ, ಜರ್ಮನಿಯಲ್ಲಿ ಸಿಕ್ಕಿದ ಆರ್ಕಿಯೊಪ್ಟೆರಿಕ್ಸ್ ಬದುಕಿದ್ದು 15 ಕೋಟಿ ವರ್ಷದ ಹಿಂದೆ, ಮೈಕ್ರೋರಾಪ್ಟರ್ 12 ಕೋಟಿ ವರ್ಷದ ಹಿಂದೆ, ಅಷ್ಟರಲ್ಲಿ ಅದೇ ಕಾಡಲ್ಲಿ ಥರಾವರಿ ಹಕ್ಕಿಗಳು ಹಾರಾಡ್ತಿದ್ವು. ಇದು ಹಕ್ಕಿಗಳಿಗೆ ದಾಯಾದಿ.

ಪ್ರಶ್ನೆ: ಚೀನಾದಿಂದ ಬಂದ ಗರಿ ಇರುವ ಡೈನೋಸಾರ್ ಪಳೆಯುಳಿಕೆ ಒಂದು ನಕಲಿ ಎಂದು ಸಾಬೀತಾಯಿತೆಂದು ಹಿಂದೆ ಓದಿದ ನೆನಪು. ಇದೂ ಅಂಥದ್ದೇ ಅಲ್ಲವೆಂದು ಹೇಗೆ ನಂಬುವುದು?
(ನಿವೃತ್ತ ಉಪಾಧ್ಯಾಯರು, ಧಾರವಾಡ)

ಉತ್ತರ: ನಿಮ್ಮ ನೆನಪು ಸರಿಯಾಗೇ ಇದೆ ಸರ್, ಆ ನಕಲಿಗೂ ಈ ಪ್ರಾಣಿಗೂ ನೇರ ಸಂಬಂಧಾನೇ ಇದೆ. ಚೀನಾದಿಂದ ಕದ್ದು ಸಾಗಿಸಿದ್ದ ಒಂದು ಕಲ್ಲು ಅಮೆರಿಕದಲ್ಲಿ ಮಾರಾಟ ಆಯ್ತು, 1999ರ ನವೆಂಬರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅದನ್ನ "ಆರ್ಕಿಯೊರಾಪ್ಟರ್" ಅಂತ, ಡೈನೋಸಾರಿಗೂ ಹಕ್ಕಿಗೂ ನಡುವಿನ ಕೊಂಡಿ ಅಂತ ಪ್ರಕಟಿಸ್ತು. ಅದನ್ನ ನೋಡಿದ್ದ ವಿಜ್ಞಾನಿಗಳಲ್ಲಿ ಬೀಜಿಂಗಿನ ಷು ಷಿಂಗ್ ಕೂಡ ಒಬ್ರು. ಅವರು ಊರಿಗೆ ವಾಪಸ್ ಬಂದು ಹುಡುಕಿದಾಗ ಇನ್ನೊಂದು ಕಲ್ಲು ಸಿಕ್ತು. ಈ ಕಲ್ಲುಗಳು ಪದರ ಪದರವಾಗಿ ಇಬ್ಭಾಗ ಆಗತ್ವೆ, ತೆರೆದ ಪುಸ್ತಕದ ಎಡಪುಟ ಬಲಪುಟದ ಥರ, ಒಂದೇ ಪ್ರಾಣಿಯ ಗುರುತು ಎರಡೂ ಕಡೆ ಇರತ್ತೆ. ಷು ಅವರಿಗೆ ಸಿಕ್ಕಿದ ಕಲ್ಲಿನ ಬಾಲ ಆರ್ಕಿಯೊರಾಪ್ಟರ್ ಬಾಲಕ್ಕೆ ಪಡಿಯಚ್ಚಾಗಿ ಕೂತಿತು, ಆದ್ರೆ ಇಲ್ಲಿ ಆ ಬಾಲ ಸೇರಿದ್ದು ಹಕ್ಕಿ ಮೈಗಲ್ಲ, ಒಂದು ಪುಟ್ಟ ಡೈನೋಸಾರ್ ಮೈಗೆ! ಅಂದ್ರೆ ಯಾರೋ ಹಕ್ಕಿ ಮೈಗೆ ಡೈನೋಸಾರ್ ಬಾಲ ಅಂಟಿಸಿದ್ರು, ಜಾಸ್ತಿ ದುಡ್ಡು ಬರ್ಲಿ ಅಂತ.

ಆ ಬಾಲದ ನಿಜವಾದ ಒಡೆಯನಿಗೇ ಷು ಮತ್ತೆ ಅವರ ಜೊತೆಯವರು 2000ದಲ್ಲಿ ಮೈಕ್ರೋರಾಪ್ಟರ್ ಅಂತ ಹೆಸರಿಟ್ಟಿದ್ದು. ಮೋಸ ಬಯಲು ಮಾಡಿದ ಕಲ್ಲೇ ಈ ಪ್ರಾಣಿಯ ಮೊದಲ ದಾಖಲೆ. ಆಮೇಲೆ ಬೇರೆ ಬೇರೆ ಕಡೆ ಸಾಕಷ್ಟು ಮಾದರಿಗಳು ಸಿಕ್ಕಿವೆ, ಅದರಿಂದ ಅನುಮಾನ ಬೇಡ. ಆ ಮೊದಲ ಕಲ್ಲನ್ನ ಮಾತ್ರ ನೆನಪಲ್ಲಿಟ್ಕೊಳ್ಳಿ, ಕೊನೇ ಉತ್ತರದಲ್ಲಿ ಮತ್ತೆ ಬರತ್ತೆ.

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಹಾರುವ ಓತಿ ಇದೆ, ಮರದಿಂದ ಮರಕ್ಕೆ ತೇಲಿಕೊಂಡು ಹೋಗ್ತದೆ. ಇದೂ ಹಾಗೇ ತೇಲ್ತಿತ್ತಾ ಅಥವಾ ರೆಕ್ಕೆ ಬಡಿದು ಹಾರ್ತಿತ್ತಾ?
(ಕೃಷಿಕರು, ಮೂಡಿಗೆರೆ ಹತ್ತಿರ)

ಉತ್ತರ: ಒಳ್ಳೇ ಹೋಲಿಕೆ ಕೊಟ್ರಿ. ಹಾರುವ ಓತಿದು ರೆಕ್ಕೆ ಅಲ್ಲ, ಉದ್ದ ಬೆಳೆದ ಪಕ್ಕೆಲುಬಿನ ಮೇಲೆ ಹರಡಿದ ಚರ್ಮ, ಕೊಡೆ ಬಿಚ್ಚಿದ ಹಾಗೆ. ಮೈಕ್ರೋರಾಪ್ಟರದ್ದು ನಿಜವಾದ ಗರಿ, ಅದೂ ಹಾರೋ ಹಕ್ಕಿಗಳಲ್ಲಿ ಇರೋ ಥರ ನಡುದಿಂಡಿನ ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದು. ಗಾಳಿ ಸೀಳೋ ಗರಿಗೇ ಹೀಗಿರತ್ತೆ. 2003ರಲ್ಲಿ ಮೈಕ್ರೋರಾಪ್ಟರ್ ಗುಯಿ ಅನ್ನೋ ಪ್ರಭೇದ ಪ್ರಕಟ ಆದಾಗ ಎಲ್ಲರೂ ಬೆರಗಾದ್ರು, ಯಾಕಂದ್ರೆ ಅದರ ಕಾಲಲ್ಲೂ, ಪಾದದ ಮೂಳೆವರೆಗೂ, ಇಂಥದ್ದೇ ಉದ್ದ ಗರಿಗಳು ಸಾಲಾಗಿದ್ವು. ಇನ್ನೊಂದು ವಿಷ್ಯ ಅಂದ್ರೆ 1915ರಲ್ಲೇ ಅಮೆರಿಕದ ವಿಲಿಯಂ ಬೀಬಿ ಅನ್ನೋ ಪಕ್ಷಿತಜ್ಞರು ಹಕ್ಕಿಗಳ ಪೂರ್ವಜರಿಗೆ ಒಂದು ಹಂತದಲ್ಲಿ ನಾಲ್ಕು ರೆಕ್ಕೆ ಇದ್ದಿರಬೇಕು ಅಂತ ಬರೆದಿದ್ರು, ಇಂಥ ಪ್ರಾಣಿ ಕಣ್ಣಿಗೆ ಬೀಳೋಕೆ 88 ವರ್ಷ ಬೇಕಾಯ್ತು.

ಈ ಕಾಲಿನ ರೆಕ್ಕೆ ಹೇಗೆ ಹಿಡ್ಕೋತಿತ್ತು ಅನ್ನೋದ್ರ ಮೇಲೆ ದೊಡ್ಡ ಚರ್ಚೆ ನಡೆದಿದೆ. ಕಪ್ಪೆ ಥರ ಕಾಲನ್ನ ಪಕ್ಕಕ್ಕೆ ಪೂರ್ತಿ ಚಾಚೋಕೆ ಡೈನೋಸಾರ್ ಸೊಂಟದ ಕೀಲು ಬಿಡಲ್ಲ. 2007ರಲ್ಲಿ ಶಂಕರ್ ಚಟರ್ಜಿ (ಭಾರತದಲ್ಲಿ ಹುಟ್ಟಿ ಬೆಳೆದು ಅಮೆರಿಕದ ಟೆಕ್ಸಾಸ್ ಟೆಕ್ ಯೂನಿವರ್ಸಿಟಿಯಲ್ಲಿ ಕೆಲಸ ಮಾಡಿದವರು) ಮತ್ತೆ ಅವರ ಜೊತೆಗಾರರು ಕಾಲನ್ನ ಮೈಕೆಳಗೆ ಮಡಚಿ ಹಿಡಿದ್ರೆ ಮೇಲೊಂದು ಕೆಳಗೊಂದು ಜೋಡಿ ರೆಕ್ಕೆ ಆಗತ್ತೆ, ರೈಟ್ ಸಹೋದರರ ಮೊದಲ ವಿಮಾನದ ಹಾಗೆ, ಅಂತ ಲೆಕ್ಕ ಹಾಕಿ ತೋರಿಸಿದ್ರು. 2013ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಲ್ಲಿ ಗರಿ ಜೋಡಿಸಿದ ಮಾದರಿ ಮಾಡಿ ಅದನ್ನ ಗಾಳಿ ಸುರಂಗದಲ್ಲಿಟ್ಟು ನೋಡಿದ್ರು, ತುಂಬಾ ಎತ್ತರ ಬೇಕಿಲ್ಲ, ಸಣ್ಣ ಎತ್ತರದಿಂದ್ಲೂ ಚೆನ್ನಾಗಿ ತೇಲ್ಕೊಂಡು ಬರತ್ತೆ ಅಂತ ಗೊತ್ತಾಯ್ತು.

ನನ್ನನ್ನ ಒಪ್ಪಿಸಿದ ಸಾಕ್ಷಿ ಮಾತ್ರ ಬೇರೆ. ಹಳೇ ಗರಿ ಉದುರಿ ಹೊಸದು ಬರೋದನ್ನ ನೀವು ಮನೆ ಕೋಳಿಯಲ್ಲಿ ನೋಡಿರ್ತೀರಿ. ಬಾತುಕೋಳಿಗಳು ರೆಕ್ಕೆಯ ಗರಿಗಳನ್ನ ಒಟ್ಟಿಗೇ ಉದುರಿಸಿ ಕೆಲವು ವಾರ ಹಾರದೇ ಇರ್ತವೆ, ನೀರಲ್ಲಿ ಅಡಗಿ ಕೂತ್ರೆ ನಡೆದುಹೋಗತ್ತೆ. ಹಾರದಿದ್ರೆ ಬದುಕೇ ಇಲ್ಲ ಅನ್ನೋ ಹಕ್ಕಿಗಳು ಹಾಗೆ ಮಾಡೋಕಾಗಲ್ಲ, ಒಂದೊಂದಾಗಿ ಸರದಿ ಮೇಲೆ ಉದುರಿಸ್ತವೆ. 2020ರಲ್ಲಿ ಒಂದು ಮೈಕ್ರೋರಾಪ್ಟರ್ ರೆಕ್ಕೆಯಲ್ಲಿ ಇಂಥ ಸರದಿಯ ಗುರುತು ಸಿಕ್ತು, ಗರಿ ಸಾಲಿನ ನಡುವೆ ಒಂದು ಕಿಂಡಿ, ಅಲ್ಲಿ ಅರ್ಧ ಬೆಳೆದ ಹೊಸ ಗರಿ. ಅಂದ್ರೆ ವರ್ಷವಿಡೀ ಅದಕ್ಕೆ ರೆಕ್ಕೆಯ ಕೆಲಸ ಇತ್ತು. ದೂರ ದೂರ ಹಾರ್ತಿತ್ತು ಅಂತ ನಾನು ಹೇಳಲ್ಲ. ಒಂದಿಷ್ಟು ಬಡಿದು ಜಾಸ್ತಿ ತೇಲಿ, ಮರದಿಂದ ಮರಕ್ಕೆ.

ಪ್ರಶ್ನೆ: ಹಾವಿನ ಥರ ಪೊರೆ ಬಿಡ್ತಿತ್ತಾ?
(5ನೇ ಕ್ಲಾಸ್ ಹುಡುಗ, ಚಿತ್ರದುರ್ಗ)

ಉತ್ತರ: ಇಲ್ಲ ಪುಟ್ಟಾ, ಅದಕ್ಕೆ ಹೊಟ್ಟು ಆಗ್ತಿತ್ತು! ನಮ್ಮ ತಲೇಲಿ ಹೊಟ್ಟು ಉದುರತ್ತಲ್ಲ, ಅದೇ. 2018ರಲ್ಲಿ ವಿಜ್ಞಾನಿಗಳು ಗರಿಗಳ ಮಧ್ಯೆ ಅಂಟಿಕೊಂಡಿದ್ದ ಸಣ್ಣ ಸಣ್ಣ ಬಿಳೀ ಚೂರನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಇಟ್ಟು ನೋಡಿದ್ರು, ಚರ್ಮದ ಒಂದೊಂದು ಜೀವಕೋಶಾನೂ ಕಾಣಿಸ್ತು. ಮೈತುಂಬಾ ಗರಿ ಇದ್ರೆ ಪೊರೆಯನ್ನ ಅಂಗಿ ಥರ ಕಳಚೋಕೆ ಆಗಲ್ವಲ್ಲ, ಅದಕ್ಕೇ ಚೂರು ಚೂರಾಗಿ ಉದುರ್ತಿತ್ತು. ಈಗಿನ ಹಕ್ಕಿಗಳ ಈ ಕೋಶದಲ್ಲಿ ಕೊಬ್ಬು ತುಂಬಿರತ್ತೆ, ಹಾರೋವಾಗ ಏರೋ ಮೈಬಿಸಿ ಹೊರಗೆ ಹೋಗೋಕೆ ಅದು ಸಹಾಯ ಮಾಡತ್ತೆ. ಮೈಕ್ರೋರಾಪ್ಟರ್ ಕೋಶದಲ್ಲಿ ಉಗುರಲ್ಲಿರೋ ಕೆರಾಟಿನ್ ಒತ್ತಾಗಿ ತುಂಬಿತ್ತು, ಹಾಗಾಗಿ ಅದರ ಮೈ ಹಕ್ಕಿಯಷ್ಟು ಬಿಸಿ ಏರ್ತಿರಲಿಲ್ಲ ಅಂತಾರೆ. ಮೂಡಿಗೆರೆಯವರಿಗೆ ಕೊಟ್ಟ ಉತ್ತರಕ್ಕೂ ಇದು ಸೇರತ್ತೆ, ತುಂಬಾ ಹೊತ್ತು ರೆಕ್ಕೆ ಬಡಿಯೋ ಪ್ರಾಣಿ ಅಲ್ಲ.

ಪ್ರಶ್ನೆ: ಚಿತ್ರಗಳಲ್ಲಿ ಯಾವಾಗ್ಲೂ ಕಪ್ಪು ಬಣ್ಣಾನೇ ಬಳಿದಿರ್ತಾರೆ. ಕಲ್ಲಾದ ಪ್ರಾಣಿಯ ಬಣ್ಣ ಹೇಗೆ ಗೊತ್ತಾಗತ್ತೆ?
(ಗೃಹಿಣಿ, ಮೈಸೂರು)

ಉತ್ತರ: ಗರಿಯೊಳಗೆ ಬಣ್ಣ ತುಂಬಿಕೊಂಡ ಅತಿ ಸೂಕ್ಷ್ಮ ಚೀಲಗಳಿರ್ತವೆ, ಮೆಲನೋಸೋಮ್ ಅಂತಾರೆ, ಅವುಗಳ ಆಕಾರ ಕಲ್ಲಲ್ಲೂ ಉಳಿಯತ್ತೆ. ಮೈಕ್ರೋರಾಪ್ಟರದ್ದು ಅಕ್ಕಿಕಾಳಿನ ಥರ ಉದ್ದಕ್ಕೆ ಸಣ್ಣಕ್ಕೆ ಇದ್ವು. ಅದನ್ನ ಈಗಿನ ಹಕ್ಕಿಗಳ ಜೊತೆ ಹೋಲಿಸಿ 2012ರಲ್ಲಿ ಹೇಳಿದ್ದು, ಇದು ಬರೀ ಕಪ್ಪಲ್ಲ, ಬಿಸಿಲಿಗೆ ನೀಲಿ ಮಿರುಗೋ ಕಪ್ಪು ಅಂತ. ಕರೆಂಟ್ ತಂತಿ ಮೇಲೆ ಕೂತಿರೋ ಕಾಜಾಣ ನೋಡಿರ್ತೀರಲ್ಲ, ಆ ಹೊಳಪು ಅಂದ್ಕೊಳ್ಳಿ, ಬಾಲ ಮಾತ್ರ ಇನ್ನೂ ಉದ್ದ. ಕಣ್ಣಿನ ಸುತ್ತ ಇರೋ ಮೂಳೆ ಬಳೆಯನ್ನ ಅಳೆದು ಇದು ರಾತ್ರಿ ತಿರುಗೋ ಪ್ರಾಣಿ ಅಂತ 2011ರಲ್ಲಿ ಹೇಳಿದ್ರು, ಈ ಬಣ್ಣ ಬಂದ್ಮೇಲೆ ಆ ಮಾತು ಅಲುಗಾಡ್ತು, ಯಾಕಂದ್ರೆ ಈಗಿನ ನಿಶಾಚರ ಹಕ್ಕಿಗಳಲ್ಲಿ ಇಂಥ ಮಿರುಗು ಕಾಣಿಸಲ್ಲ. ನನಗೂ ಹಗಲಿನ ಪ್ರಾಣಿ ಅಂತಾನೇ ಅನ್ಸತ್ತೆ. ಕತ್ತಲಲ್ಲಿ ಆ ಹೊಳಪನ್ನ ನೋಡೋರು ಯಾರು?

ಪ್ರಶ್ನೆ: ಅದು ಏನು ತಿಂತಿತ್ತು? ಬೇಟೆ ಆಡೋ ಕ್ರಮ ಹೇಗಿತ್ತು?
(ಕಾಲೇಜ್ ವಿದ್ಯಾರ್ಥಿ, ಉಡುಪಿ)

ಉತ್ತರ: ಬೇರೆ ಡೈನೋಸಾರ್ ಬಗ್ಗೆ ಈ ಪ್ರಶ್ನೆ ಕೇಳಿದ್ರೆ ಹಲ್ಲು ನೋಡಿ, ಉಗುರು ನೋಡಿ ಊಹೆ ಮಾಡ್ಬೇಕು. ಇದರ ವಿಷ್ಯದಲ್ಲಿ ಹಾಗಲ್ಲ, ನಾಲ್ಕು ಬೇರೆ ಬೇರೆ ಮೈಕ್ರೋರಾಪ್ಟರ್‌ಗಳ ಹೊಟ್ಟೇಲಿ ನಾಲ್ಕು ಬೇರೆ ಬೇರೆ ಊಟ ಹಾಗೇ ಉಳಿದಿದೆ. ಆ ಕಾಲದ ಲಿಯಾವ್‌ನಿಂಗಲ್ಲಿ ಕೆರೆ, ಸುತ್ತ ಕಾಡು, ಆಗಾಗ ಬೂದಿ ಉಗುಳೋ ಜ್ವಾಲಾಮುಖಿ ಇದ್ವು, ಸತ್ತು ಕೆರೆ ತಳ ಸೇರಿದ ಪ್ರಾಣಿ ಮೇಲೆ ನಯವಾದ ಕೆಸರು ಬೂದಿ ಕೂತು ಗರಿ ಸಮೇತ ಮುಚ್ಚಿಬಿಡ್ತಿತ್ತು, ಅದಕ್ಕೇ ಇಷ್ಟು ಉಳಿದಿರೋದು.

ಮೊದಲು 2011ರಲ್ಲಿ ಸಿಕ್ಕಿದ್ದು ಒಂದು ಹಕ್ಕಿ. ಮರದ ಕೊಂಬೆ ಹಿಡಿದು ಕೂರೋ ಜಾತಿ, ಮರಿ ಅಲ್ಲ, ಪೂರ್ತಿ ಬೆಳೆದದ್ದು. ಮರದ ಮೇಲೇ ಹಿಡಿದಿರಬೇಕು ಅಂತ ಆಗ ವಾದ ಮಾಡಿದ್ರು. ಎರಡು ವರ್ಷ ಆದ್ಮೇಲೆ ಇನ್ನೊಂದರ ಹೊಟ್ಟೇಲಿ ಮೀನಿನ ಮೂಳೆ! ಮುಂದಿನ ಹಲ್ಲು ಸ್ವಲ್ಪ ಮುಂದಕ್ಕೆ ಬಾಗಿರೋದು, ಹಲ್ಲಿನ ಒಂದೇ ಅಂಚಲ್ಲಿ ಗರಗಸ ಇರೋದು ಜಾರೋ ಮೀನು ಹಿಡಿಯೋಕೆ ಅನುಕೂಲ ಅಂತ ಕಾಣತ್ತೆ.

2019ರಲ್ಲಿ ಹಲ್ಲಿ ಜಾತಿಯ ಒಂದು ಪ್ರಾಣಿ ಸಿಕ್ತು, ಪೂರ್ತಿಯಾಗಿ, ತಲೆ ಮೊದಲು ಒಳಗೆ ಹೋಗಿತ್ತು. ಮಿಂಚುಳ್ಳಿ ಮೀನು ನುಂಗೋದು ನೋಡಿದೋರಿಗೆ ಇದು ಗೊತ್ತು, ತಲೆ ಮೊದಲು ನುಂಗಿದ್ರೆ ಕಾಲು ಮುಳ್ಳು ಗಂಟಲಿಗೆ ಸಿಕ್ಕಿಹಾಕಿಕೊಳ್ಳಲ್ಲ. ಆ ಹಲ್ಲಿ ವಿಜ್ಞಾನಕ್ಕೇ ಹೊಸದು. ಅದಕ್ಕೆ ಇಟ್ಟ ಹೆಸರು ಇಂದ್ರಸಾರಸ್. ನಮ್ಮ ಇಂದ್ರನೇ! ಮಹಾಭಾರತದ ಉದ್ಯೋಗ ಪರ್ವದಲ್ಲಿ ವೃತ್ರ ಇಂದ್ರನನ್ನ ನುಂಗಿಬಿಡ್ತಾನೆ, ದೇವತೆಗಳು ಆಕಳಿಕೆಯನ್ನ ಸೃಷ್ಟಿ ಮಾಡ್ತಾರೆ, ವೃತ್ರ ಬಾಯಿ ತೆರೆದು ಆಕಳಿಸಿದಾಗ ಇಂದ್ರ ಮೈ ಮುದುರಿಕೊಂಡು ಹೊರಗೆ ಬರ್ತಾನೆ. ನುಂಗಿಸಿಕೊಂಡ ಹಲ್ಲಿಗೆ ಆ ಕತೆ ನೆನೆದು ಇಂದ್ರನ ಹೆಸರಿಟ್ಟಿದ್ದಾರೆ. ಇದನ್ನ ಮೊದಲ ಸಲ ಓದಿದಾಗ ನಂಗೆ ಮೈ ಜುಮ್ ಅಂದಿತ್ತು, ಅಜ್ಜಿ ಹೇಳ್ತಿದ್ದ ಕತೆ ಚೀನಾದ ಕಲ್ಲಿನ ಮೇಲೆ ಹೋಗಿ ಕೂತಿದೆಯಲ್ಲ ಅಂತ.

ಮರದ ಹಕ್ಕಿ, ನೀರಿನ ಮೀನು, ಹಲ್ಲಿ. ಈಗ ಧಾರವಾಡದ ಮೇಷ್ಟ್ರಿಗೆ ನೆನಪಿಟ್ಕೊಳ್ಳಿ ಅಂದಿದ್ದ ಕಲ್ಲಿಗೆ ಬರೋಣ. ನಕಲಿ ಬಾಲದ ಗುಟ್ಟು ಬಿಡಿಸಿದ, 2000ದಲ್ಲಿ ಹೆಸರು ಪಡೆದ ಅದೇ ಮೊದಲ ಮಾದರಿಯ ಪಕ್ಕೆಲುಬಿನ ನಡುವೆ ಒಂದು ಪುಟ್ಟ ಪಾದ ಇದೆ. ಉದ್ದ ಒಂದು ಸೆಂಟಿಮೀಟರ್ ಆಸುಪಾಸು, ಬೆರಳುಗಳು ಜೋಡಿಸಿದ ಹಾಗೇ ಇವೆ. ಇಲಿಯಷ್ಟು ಗಾತ್ರದ ಸಸ್ತನಿಯ ಬಲಗಾಲು ಅದು, ನೆಲದ ಮೇಲೆ ಓಡಾಡೋ ಥರದ್ದು, ಮರ ಹತ್ತೋ ಪಾದದ ಲಕ್ಷಣ ಇಲ್ಲ. ಬೇಟೆ ಆಡಿದ್ದೇ ಆಗಬೇಕಿಲ್ಲ, ಸತ್ತು ಬಿದ್ದಿದ್ದನ್ನ ತಿಂದಿರಲೂಬಹುದು. ಕೆನಡಾದ ಹ್ಯಾನ್ಸ್ ಲಾರ್ಸನ್ ಅನ್ನೋ ವಿಜ್ಞಾನಿ ಚೀನಾಕ್ಕೆ ಹೋಗಿ ಆ ಕಲ್ಲನ್ನ ನೋಡ್ತಿರೋವಾಗ ಪಕ್ಕೆಲುಬಿನ ನಡುವಿನ ಆ ಪಾದದ ಮೇಲೆ ಕಣ್ಣು ಬಿತ್ತು. ಅದರ ಪೂರ್ತಿ ವರದಿ ಬಂದಿದ್ದು 2022ರಲ್ಲಿ.